ಹವಾಯಿಯ ಹೇಯಾವುಗಳು: ಕಲ್ಲಿನ ಜಗಲಿಗಳು ಹೇಳುವ ಬದಲಾವಣೆಯ ಕಥೆ

ನೆಲಮೂಲ:

ಪವಿತ್ರ ಸ್ಥಳ ಎಂದೊಡನೆ ಅದು ಅನಾದಿಕಾಲದಿಂದ ಒಂದೇ ರೀತಿಯಲ್ಲಿ ನಡೆದುಕೊಂಡು ಬಂದಿರಬೇಕು ಎಂದು ನಾವು ಭಾವಿಸಿಬಿಡುತ್ತೇವೆ. ಹವಾಯಿ ದ್ವೀಪಗಳ ಪ್ರಾಚೀನ ದೇಗುಲಗಳನ್ನು, ಅಂದರೆ ಅಲ್ಲಿಯವರು ಹೇಯಾವು ಎಂದು ಕರೆಯುವ ಕಲ್ಲಿನ ಜಗಲಿಗಳನ್ನು, ಕುರಿತು ಪುರಾತತ್ತ್ವಜ್ಞರು ಕಳೆದ ಕೆಲವು ದಶಕಗಳಲ್ಲಿ ಬರೆದಿರುವುದನ್ನು ಓದಿದ ಮೇಲೆ ಆ ಭಾವನೆ ನನ್ನಲ್ಲಿ ಉಳಿದಿಲ್ಲ. ಗಾರೆಯಿಲ್ಲದೆ, ಲಾವಾ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಈ ರಚನೆಗಳಲ್ಲಿ ಕೆಲವು ಅಂಗೈಯಗಲದ ಮೀನುಗಾರರ ಗುಡಿಗಳಾದರೆ, ಮಾವಿ ದ್ವೀಪದ ಹಾನಾ ಬಳಿಯ ಪಿಇಲಾನಿಹಾಲೆಯಂಥವು ನೂರಾರು ಅಡಿ ಉದ್ದಗಲದ, ಬೆಟ್ಟದಂತೆ ಎದ್ದು ನಿಂತ ಕಟ್ಟಡಗಳು. ಕೃಷಿಗೆ ಮತ್ತು ಮಳೆಗೆ ಲೋನೋ ದೇವರ ಹೇಯಾವು, ಯುದ್ಧಕ್ಕೆ ಕೂ ದೇವರ ಹೇಯಾವು, ಚಿಕಿತ್ಸೆಗೆ ಬೇರೊಂದು, ಅಪರಾಧಿಗೂ ಸೋತ ಯೋಧನಿಗೂ ಅಭಯ ಕೊಡುವ ಪುಉಹೊನುವಾ ಎಂಬ ಆಶ್ರಯಸ್ಥಾನ ಮತ್ತೊಂದು. ನರಬಲಿ ಸಲ್ಲುತ್ತಿದ್ದ ಲುವಾಕಿನಿ ಎಂಬ ಮಹಾದೇಗುಲವನ್ನು ಪ್ರತಿಷ್ಠಾಪಿಸುವ ಅಧಿಕಾರ ಪರಮೋಚ್ಚ ಒಡೆಯನಿಗೆ ಮಾತ್ರ ಇತ್ತು.

ನನ್ನ ವಾದ ಇಷ್ಟು. ಈ ಸ್ಥಳಗಳಲ್ಲಿ ಕಾಣುವ ದೊಡ್ಡ ತಿರುವುಗಳು, ಕಟ್ಟಿದ್ದೂ ಕೆಡವಿದ್ದೂ, ಬಹುಪಾಲು ಹವಾಯಿಯನ್ನರ ಸ್ವಂತ ನಿರ್ಧಾರಗಳು. ಯುರೋಪಿನ ಹಡಗುಗಳು ಬರುವವರೆಗೆ ಅಲ್ಲಿನ ಧರ್ಮ ನಿಂತ ನೀರಾಗಿತ್ತು, ಅವರು ಬಂದ ಮೇಲೆ ಎಲ್ಲವೂ ಕುಸಿಯಿತು ಎಂಬ ಸರಳ ಕಥನವನ್ನು ನೆಲದ ಸಾಕ್ಷ್ಯ ಒಪ್ಪುವುದಿಲ್ಲ. ಇದರ ಬಗ್ಗೆ ಓದಿಕೊಂಡಿರುವವರು, ಅಲ್ಲಿ ಇದ್ದು ಬಂದವರು ದಯವಿಟ್ಟು ಸೇರಿಸಬೇಕು, ತಪ್ಪಿದ್ದರೆ ತಿದ್ದಬೇಕು.

ಶ್ರಾವಣಿ:

ವಿಷಯ ಎತ್ತಿಕೊಂಡದ್ದಕ್ಕೆ ಧನ್ಯವಾದ, ಸರ್. ನಾನು ಇತಿಹಾಸದ ವಿದ್ಯಾರ್ಥಿನಿ. ನಮ್ಮಲ್ಲಿ ಒಂದು ಗುಡಿಯ ಕಾಲ ತಿಳಿಯಬೇಕಾದರೆ ಮೊದಲು ಶಾಸನ ಹುಡುಕುತ್ತೇವೆ. ಶಕವರ್ಷ, ಸಂವತ್ಸರ, ತಿಥಿ, ದತ್ತಿ ಕೊಟ್ಟವರ ಹೆಸರು ಎಲ್ಲವೂ ಕಲ್ಲಿನ ಮೇಲೆಯೇ ಸಿಗುತ್ತವೆ. ಹವಾಯಿಯಲ್ಲಿ 1820ರ ದಶಕಕ್ಕೆ ಮೊದಲು ಲಿಪಿಯೇ ಇರಲಿಲ್ಲ. ಹಾಗಿರುವಾಗ ಒಂದು ಜಗಲಿಯನ್ನು ಯಾವಾಗ ಕಟ್ಟಿದರು, ಯಾವಾಗ ವಿಸ್ತರಿಸಿದರು ಎಂದು ಹೇಳುವುದು ಹೇಗೆ? ಇದ್ದಿಲಿನ ಕಾರ್ಬನ್ ಪರೀಕ್ಷೆಯೊಂದರಿಂದಲೇ ಇಷ್ಟು ದೊಡ್ಡ ತೀರ್ಮಾನಗಳಿಗೆ ಬರಲು ಸಾಧ್ಯವೇ?

ನೆಲಮೂಲ:

ಶ್ರಾವಣಿಯವರೇ, ವಿಷಯದ ತಿರುಳನ್ನೇ ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂನವರು ದ್ವೀಪದಿಂದ ದ್ವೀಪಕ್ಕೆ ಸುತ್ತಿ ಹೇಯಾವುಗಳ ನಕ್ಷೆ ಬರೆದರು. ಜಾನ್ ಸ್ಟೋಕ್ಸ್ 1906ರಲ್ಲಿ ಸಮೂಹದ ಅತಿ ದೊಡ್ಡ ದ್ವೀಪವಾದ, ಹವಾಯಿ ಎಂದೇ ಹೆಸರಿರುವ ದ್ವೀಪದಲ್ಲಿ, ವೆಂಡೆಲ್ ಬೆನೆಟ್ 1920ರ ದಶಕದ ಕೊನೆಯಲ್ಲಿ ಕವಾಯಿಯಲ್ಲಿ, ಗಿಲ್ಬರ್ಟ್ ಮೆಕ್‌ಆಲಿಸ್ಟರ್ 1930ರಲ್ಲಿ ಒವಾಹುವಿನಲ್ಲಿ ಈ ಕೆಲಸ ಮಾಡಿದರು. ಅವರ ಬಳಿ ಇದ್ದ ಸಾಧನಗಳೆಂದರೆ ಅಳತೆಪಟ್ಟಿ, ನೆಲದ ಮೇಲೆ ಕಾಣುವ ಗೋಡೆ ಮತ್ತು ಊರಿನ ಹಿರಿಯರ ನೆನಪು. ಆಕಾರ ನೋಡಿ ಹಳೆಯದು, ಹೊಸದು ಎಂದು ಊಹಿಸಬಹುದಿತ್ತೇ ಹೊರತು ಕಾಲ ಹೇಳಲು ಸಾಧ್ಯವಿರಲಿಲ್ಲ. ಅವರು ಅಂದು ಬರೆದ ನಕ್ಷೆಗಳಲ್ಲಿರುವ ಎಷ್ಟೋ ರಚನೆಗಳನ್ನು ಕಬ್ಬಿನ ತೋಟಗಳೂ ರಸ್ತೆಗಳೂ ಆಮೇಲೆ ನುಂಗಿದವು ಎಂಬುದರಿಂದ ಆ ನಕ್ಷೆಗಳ ಬೆಲೆ ಇಂದು ಇನ್ನೂ ಹೆಚ್ಚಾಗಿದೆ.

ಕಾರ್ಬನ್ ಪರೀಕ್ಷೆ ಬಂದ ಮೇಲೆ ಗೋಡೆಯಡಿಯ ಇದ್ದಿಲಿಗೆ ಕಾಲ ಕಟ್ಟಲು ಸಾಧ್ಯವಾಯಿತು. ಆದರೆ ಅದಕ್ಕೆ ಎರಡು ತೊಡಕುಗಳಿವೆ. ಸುಟ್ಟ ಮರವೇ ಶತಮಾನಗಳಷ್ಟು ಹಳೆಯದಾಗಿದ್ದರೆ ಬರುವ ಕಾಲ ಮರದ್ದಾಗುತ್ತದೆ, ಬೆಂಕಿಯದಲ್ಲ. ಗೋಡೆ ಕಟ್ಟುವುದಕ್ಕೆ ಬಹಳ ಮೊದಲು ಯಾರೋ ಅಲ್ಲಿ ಹೊಲಕ್ಕಾಗಿ ಪೊದೆ ಸುಟ್ಟಿದ್ದರೆ ಆ ಇದ್ದಿಲೂ ಗೋಡೆಯ ಕೆಳಗೇ ಸಿಗುತ್ತದೆ. ಜೊತೆಗೆ ಕಳೆದ ಮೂರು ನಾಲ್ಕು ಶತಮಾನಗಳ ಮಟ್ಟಿಗೆ ಕಾರ್ಬನ್ ಪರೀಕ್ಷೆಯ ಉತ್ತರ ತೀರಾ ಅಗಲವಾಗಿಬಿಡುತ್ತದೆ, 1650 ಎಂದೂ ಆಗಬಹುದು, 1800 ಎಂದೂ ಆಗಬಹುದು. ಹವಾಯಿಗೆ ಪಾಲಿನೇಷಿಯನ್ನರು ಕ್ರಿ.ಶ. 300ರಿಂದ 600ರ ನಡುವೆ ಬಂದರೆಂದು ಬಹುಕಾಲ ನಂಬಿದ್ದಕ್ಕೂ ಇಂಥ ಹಳೆಯ ಮರದ ಇದ್ದಿಲು ಒಂದು ಕಾರಣ. ಅಲ್ಪಾಯುಷಿ ಸಸ್ಯಗಳ ತುಣುಕುಗಳನ್ನೇ ಆರಿಸಿ ಪರೀಕ್ಷಿಸತೊಡಗಿದ ಮೇಲೆ ಆ ಕಾಲ ಸುಮಾರು 1000ದಿಂದ 1250ರ ನಡುವಿಗೆ ಇಳಿದು ಬಂದಿದೆ.

ಇಲ್ಲಿ ನೆರವಿಗೆ ಬಂದದ್ದು ಹವಳ. ಹೇಯಾವು ಕಟ್ಟುವಾಗ ಸಮುದ್ರದಿಂದ ಕವಲೊಡೆದ ಹವಳದ ಗೊಂಚಲುಗಳನ್ನು ತಂದು ಕಾಣಿಕೆಯಾಗಿ ಇಡುವ ಪದ್ಧತಿ ಅಲ್ಲಿತ್ತು. ಹವಳ ಬೆಳೆಯುವಾಗ ಸಮುದ್ರದ ನೀರಿನಿಂದ ಯುರೇನಿಯಮ್ ಅನ್ನು ಹೀರಿಕೊಳ್ಳುತ್ತದೆ, ಥೋರಿಯಮ್ ಅನ್ನು ಹೆಚ್ಚುಕಡಿಮೆ ಹೀರಿಕೊಳ್ಳುವುದೇ ಇಲ್ಲ. ಅದು ಸತ್ತ ಮೇಲೆ ಒಳಗಿನ ಯುರೇನಿಯಮ್ ಕ್ಷಯಿಸುತ್ತಾ ಥೋರಿಯಮ್-230 ಕೂಡುತ್ತಾ ಹೋಗುತ್ತದೆ, ಅದನ್ನು ಅಳೆದರೆ ಕೆಲವೇ ವರ್ಷಗಳ ಅಂತರದಲ್ಲಿ ಕಾಲ ಹೇಳಬಹುದು. ಪ್ಯಾಟ್ರಿಕ್ ಕಿರ್ಚ್ ಮತ್ತು ವಾರೆನ್ ಶಾರ್ಪ್ 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮಾವಿ ದ್ವೀಪದ ಆಗ್ನೇಯ ಭಾಗದ ಹವಳಗಳ ಫಲಿತಾಂಶ ಪ್ರಕಟಿಸಿದರು. ಹಲೆಯಾಕಲಾ ಜ್ವಾಲಾಮುಖಿಯ ಮಳೆನೆರಳಿನಲ್ಲಿರುವ ಕಹಿಕಿನುಯಿ ಎಂಬ ಒಣ ಸೀಮೆ ಅದು. ಕೆಸು ಬೆಳೆಯಲು ನೀರಿಲ್ಲದೆ ಗೆಣಸನ್ನೇ ನೆಚ್ಚಿಕೊಂಡಿದ್ದ ಅಂಥ ನೆಲದಲ್ಲಿ ದೇಗುಲಗಳ ಒಂದು ಇಡೀ ಜಾಲ ಸುಮಾರು 1580ರಿಂದ 1640ರವರೆಗಿನ ಅರವತ್ತು ವರ್ಷಗಳಲ್ಲಿ ಎದ್ದು ನಿಂತಿತ್ತು. ಮುಂದೆ ಇನ್ನಷ್ಟು ಹವಳಗಳನ್ನು ಪರೀಕ್ಷಿಸಿದಾಗ ಕಟ್ಟುವಿಕೆಯ ಅವಧಿ ಎರಡೂ ಕಡೆಗೆ ಸ್ವಲ್ಪ ಹಿಗ್ಗಿತಾದರೂ ಬದಲಾವಣೆ ಶೀಘ್ರವಾಗಿ ಆಯಿತೆಂಬ ಚಿತ್ರ ಹಾಗೆಯೇ ಉಳಿದಿದೆ.

ಬಯಲುಸೀಮೆ:

ಒಂದು ಆಕ್ಷೇಪವನ್ನು ಇಡುತ್ತೇನೆ. ನಾನು ಓದಿದ್ದು ಭೂವಿಜ್ಞಾನ, ಆದ್ದರಿಂದ ಪರೀಕ್ಷೆಯ ನಿಖರತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಳೆದದ್ದು ಹವಳ ಸತ್ತ ಕಾಲವನ್ನು. ಹವಳ ಸತ್ತ ಕಾಲವೂ ಗೋಡೆ ಎದ್ದ ಕಾಲವೂ ಒಂದೇ ಎಂದು ಹೇಳುವುದು ಹೇಗೆ? ದಡದಲ್ಲಿ ಬಿದ್ದಿದ್ದ ನೂರು ವರ್ಷ ಹಳೆಯ ತುಂಡನ್ನು ಯಾರಾದರೂ ಎತ್ತಿ ತಂದಿರಬಹುದು. ಇಲ್ಲವೇ ಗೋಡೆ ಎದ್ದು ನೂರು ವರ್ಷವಾದ ಮೇಲೆ ಭಕ್ತನೊಬ್ಬ ಹೊಸ ಹವಳವನ್ನು ಅದರ ಮೇಲಿಟ್ಟು ಹೋಗಿರಬಹುದು. ಇದಲ್ಲದೆ ಮೈಕೆಲ್ ಕೋಲ್ಬ್ ಅವರು ಮಾವಿಯ ಹಲವು ಹೇಯಾವುಗಳಲ್ಲಿ ಅಗೆದು, ಇದ್ದಿಲಿನ ಆಧಾರದ ಮೇಲೆ, ದೊಡ್ಡ ದೇಗುಲಗಳ ನಿರ್ಮಾಣ ಬಹಳ ಮೊದಲೇ ಆರಂಭವಾಗಿ ಹಲವು ಶತಮಾನಗಳ ಕಾಲ ಹಂತಹಂತವಾಗಿ ನಡೆಯಿತೆಂದು ತೋರಿಸಿದ್ದಾರಲ್ಲವೇ? ಶುಷ್ಕವಾದ ಒಂದು ಮೂಲೆಯ ಸೀಮೆಯನ್ನು ನೋಡಿ ಇಡೀ ದ್ವೀಪಸಮೂಹದ ಬಗ್ಗೆ ಮಾತನಾಡುವುದು ಸರಿಯೇ?

ನೆಲಮೂಲ:

ಬಹಳ ನ್ಯಾಯವಾದ ಆಕ್ಷೇಪ, ಸರ್. ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಹವಳದ ಮೈ. ಜೀವಂತ ಹವಳವನ್ನು ಮುರಿದು ತಂದರೆ ಅದರ ಮೇಲಿನ ಸೂಕ್ಷ್ಮವಾದ ಚೂಪು ಕಾಳುಗಳು, ಅಂಚುಗಳು ಸವೆಯದೆ ಉಳಿದಿರುತ್ತವೆ. ಅಲೆಗೆ ಸಿಕ್ಕು ದಡಕ್ಕೆ ಬಂದು ಬಿದ್ದ ತುಂಡು ಮರಳಿನಲ್ಲಿ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಸವೆಯದ ತುಂಡುಗಳನ್ನೇ ಸಂಶೋಧಕರು ಆರಿಸಿಕೊಂಡರು. ಎರಡನೆಯದು ಅದು ಸಿಕ್ಕ ಜಾಗ. ಗೋಡೆಯ ಒಳಗಿನ ತುಂಬುಗಲ್ಲುಗಳ ನಡುವೆ ಹುದುಗಿರುವ ಹವಳವನ್ನು ಕಟ್ಟಡ ಏಳುವಾಗಲೇ ಇಟ್ಟಿರಬೇಕು, ಏಕೆಂದರೆ ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಮೇಲ್ಮೈಯಲ್ಲಿ, ಪೂಜೆಯ ಜಾಗದಲ್ಲಿ ಸಿಕ್ಕದ್ದು ಬಳಕೆಯ ಕಾಲವನ್ನು ಹೇಳುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ ನೀವು ಹೇಳಿದ ಗೊಂದಲ ಬಹುಮಟ್ಟಿಗೆ ತಪ್ಪಿದೆ.

ಕೋಲ್ಬ್ ಅವರ ಕೆಲಸವನ್ನು ನಾನು ತಳ್ಳಿಹಾಕುತ್ತಿಲ್ಲ. ಒಂದು ದೇಗುಲವನ್ನು ಮತ್ತೆ ಮತ್ತೆ ಎತ್ತರಿಸಿ, ಅಗಲಿಸಿ ಕಟ್ಟಿದರೆಂಬ ಅವರ ಮುಖ್ಯ ಮಾತು ಗಟ್ಟಿಯಾಗಿಯೇ ನಿಂತಿದೆ. ಮೊದಲ ಹಂತ ಎಷ್ಟು ಹಳೆಯದು ಎಂಬಲ್ಲಿ ಮಾತ್ರ, ಇದ್ದಿಲಿನ ತೊಡಕಿನಿಂದಾಗಿ, ನನಗೆ ಹವಳದ ಸಾಕ್ಷ್ಯ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಇನ್ನು ಹವಳ ಒಪ್ಪಿಸುವ ರೂಢಿ ಈ ದೇಗುಲಗಳಿಗಿಂತ ಹಳೆಯದು ಎಂಬುದಕ್ಕೆ ಬೇರೊಂದು ಕಡೆಯ ಪುರಾವೆಯೂ ಇದೆ. ಮೌನಾ ಕೇಯಾ ಬೆಟ್ಟದ ನೆತ್ತಿಯ ಹತ್ತಿರ, ಬಾಚಿಗಳಿಗಾಗಿ ಗಟ್ಟಿ ಬಸಾಲ್ಟ್ ಕಲ್ಲನ್ನು ಒಡೆಯುತ್ತಿದ್ದ ದೊಡ್ಡ ಕಲ್ಲುಗಣಿಯೊಂದಿದೆ. ಸಮುದ್ರದಿಂದ ಅಷ್ಟು ದೂರದ, ಗಿಡಗಂಟಿಯೂ ಬೆಳೆಯದ ಆ ಚಳಿಯ ನೆಲದಲ್ಲಿ ಕಲ್ಲು ಒಡೆಯುವವರ ಸಣ್ಣ ಗುಡಿಗಳಿವೆ, ಸಾಲಾಗಿ ನಿಲ್ಲಿಸಿದ ನೇರಗಲ್ಲುಗಳಿವೆ, ಅಲ್ಲಿಗೂ ಯಾರೋ ಹವಳ ಹೊತ್ತು ತಂದಿದ್ದಾರೆ. ಪ್ಯಾಟ್ರಿಕ್ ಮೆಕಾಯ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರ ಕಾಲ 1400ರ ಆಸುಪಾಸಿಗೆ ಹೋಯಿತು. ಹೀಗಾಗಿ ಹಳೆಯ ಒಂದು ಹರಕೆಯ ಪದ್ಧತಿಯನ್ನು ಮುಂದೆ ಬಂದ ಒಡೆಯರು ಬೃಹತ್ ದೇಗುಲಗಳಿಗೆ ತೆಗೆದುಕೊಂಡರು ಎಂದು ಹೇಳುವುದು ಹೆಚ್ಚು ಸರಿಯಾದೀತು.

ಕಡಲಿನಾಚೆ:

ನೆಲಮೂಲ ಅವರು ಬಾಯಿಮಾತಿನ ಪರಂಪರೆಯ ವಿಷಯವನ್ನು ಇನ್ನೂ ಎತ್ತಿಲ್ಲ, ನನಗೆ ಅದೇ ಬಹಳ ಮುಖ್ಯವೆನಿಸುತ್ತದೆ. ಕೆಲಸದ ಮೇಲೆ ಕೆಲಕಾಲ ಹೊನೊಲುಲುವಿನಲ್ಲಿದ್ದಾಗ ಈ ಕಥನಗಳನ್ನು ಅಲ್ಲಿಯ ಹಿರಿಯರಿಂದ ಕೇಳುವ ಅವಕಾಶ ನನಗೆ ಸಿಕ್ಕಿತ್ತು. ಹವಾಯಿಯನ್ನರು ಒಡೆಯರ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಪಠಣದ ರೂಪದಲ್ಲಿ ಕಾಪಾಡಿಕೊಂಡು ಬಂದವರು. ಮಾವಿಯ ಪೂರ್ವ ಮತ್ತು ಪಶ್ಚಿಮ ಭಾಗಗಳು ಒಬ್ಬ ಒಡೆಯನ ಕೈಗೆ ಬಂದದ್ದು ಪಿಇಲಾನಿಯ ಕಾಲದಲ್ಲಿ, ಅದನ್ನು ಅವನ ಮಗ ಕಿಹಾ-ಅ-ಪಿಇಲಾನಿ ಮತ್ತು ಅನಂತರ ಕಮಲಾಲಾವಲು ಮುಂದುವರಿಸಿದರು ಎಂದು ಆ ವಂಶಾವಳಿಗಳು ಹೇಳುತ್ತವೆ. ಒಂದು ತಲೆಮಾರಿಗೆ ಇಷ್ಟು ವರ್ಷವೆಂದು ಲೆಕ್ಕ ಹಾಕುತ್ತಾ ಹಿಂದಕ್ಕೆ ಹೋದರೆ ಈ ಒಡೆಯರ ಕಾಲ ಹದಿನಾರು, ಹದಿನೇಳನೆಯ ಶತಮಾನಗಳಿಗೆ ಬಂದು ನಿಲ್ಲುತ್ತದೆ. ಹವಳ ಕೊಟ್ಟ ಕಾಲವೂ ಅದೇ. ಹಾಡಿನಲ್ಲಿ ಉಳಿದ ನೆನಪು ಮತ್ತು ಪ್ರಯೋಗಾಲಯದ ಅಳತೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಎರಡು ದಾರಿಗಳು ಒಂದೇ ಕಡೆ ಕೂಡುತ್ತವೆ ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೌಖಿಕ ಪರಂಪರೆಯನ್ನು ಕಟ್ಟುಕಥೆಯೆಂದು ಬದಿಗೆ ಸರಿಸುವ ವಿದ್ವತ್ತಿಗೆ ಅಲ್ಲಿನ ನೆಲವೇ ಉತ್ತರ ಕೊಟ್ಟಿದೆ.

ಕಹಿಕಿನುಯಿಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಿರ್ಚ್ ಅವರು ಅಲ್ಲಿನ ದೇಗುಲಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ಅಳೆದಾಗ ಅವು ಮನಬಂದಂತೆ ನಿಂತಿಲ್ಲವೆಂದು ಕಂಡುಬಂತು. ಕೆಲವು ನೇರ ಪೂರ್ವಕ್ಕೆ, ಕೆಲವು ಉತ್ತರಕ್ಕೆ, ಮತ್ತೆ ಕೆಲವು ಪೂರ್ವಕ್ಕಿಂತ ತುಸು ಉತ್ತರಕ್ಕೆ ವಾಲಿ, ಕೃತ್ತಿಕಾ ನಕ್ಷತ್ರಪುಂಜ ಉದಯಿಸುವ ಕಡೆಗೆ ನೋಡುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆ ಕಾಣಿಸಿಕೊಂಡಾಗ, ನಮ್ಮ ಲೆಕ್ಕದಲ್ಲಿ ನವೆಂಬರಿನಲ್ಲಿ, ಲೋನೋ ದೇವರ ಮಕಹಿಕಿ ಎಂಬ ನಾಲ್ಕು ತಿಂಗಳ ಕಾಲ ಆರಂಭವಾಗುತ್ತಿತ್ತು. ಆಗ ಯುದ್ಧ ನಿಲ್ಲುತ್ತಿತ್ತು, ಆಟೋಟಗಳು ನಡೆಯುತ್ತಿದ್ದವು, ದೇವರ ಮೂರ್ತಿಯನ್ನು ಹೊತ್ತವರು ದ್ವೀಪವನ್ನು ಸುತ್ತುತ್ತಾ ಒಂದೊಂದು ಗಡಿಯಲ್ಲಿಯೂ ಆ ನಾಡಿನ ಕಾಣಿಕೆಯನ್ನು ಸ್ವೀಕರಿಸುತ್ತಿದ್ದರು. ಆ ಕಾಣಿಕೆ ದೇವರಿಗೂ ಹೌದು, ಒಡೆಯನಿಗೂ ಹೌದು.

ಶ್ರಾವಣಿ:

ಕೊನೆಯ ಮಾತಿನಲ್ಲಿಯೇ ನನಗೊಂದು ಅಸಮಾಧಾನವಿದೆ. ದೇಗುಲ ಎಂದರೆ ಕಂದಾಯ ವಸೂಲಿಯ ಕೇಂದ್ರ, ಪುರೋಹಿತ ಎಂದರೆ ಒಡೆಯನ ಕೈಯಾಳು ಎಂದು ಓದುವುದು ಇಂದಿನ ವಿದ್ವಾಂಸರಿಗೆ ಸುಲಭ. ಹವಳವನ್ನು ಹೊತ್ತು ಬೆಟ್ಟ ಹತ್ತಿದವನ ಮನಸ್ಸಿನಲ್ಲಿ ರಾಜಕೀಯವಿತ್ತೇ, ಅಥವಾ ಮಳೆ ಬರಲಿ ಎಂಬ ಪ್ರಾರ್ಥನೆ ಇತ್ತೇ? ಎಲ್ಲ ಶ್ರದ್ಧೆಯನ್ನೂ ಅಧಿಕಾರಕ್ಕೆ ಇಳಿಸಿದರೆ ಆ ಜನರಿಗೆ ಅನ್ಯಾಯ ಮಾಡಿದಂತಾಗುವುದಿಲ್ಲವೇ?

ಕಡಲಿನಾಚೆ:

ಒಪ್ಪುತ್ತೇನೆ, ಮೇಡಂ. ಒಂದು ತಿದ್ದುಪಡಿ ಮಾತ್ರ. ಅಧಿಕಾರ ಮತ್ತು ಶ್ರದ್ಧೆ ಎಂದು ಎರಡಾಗಿ ಸೀಳುವುದು ನಮ್ಮ ಅಭ್ಯಾಸ. ಹವಾಯಿಯಲ್ಲಿ ಒಡೆಯನೇ ದೇವತೆಗಳ ವಂಶದವನು, ಅವನ ದೇಹಕ್ಕೇ ಪವಿತ್ರತೆಯ ಕಟ್ಟುಪಾಡುಗಳಿದ್ದವು. ಕಹಿಕಿನುಯಿಯ ರೈತ ಮಳೆಗಾಗಿ ಬೇಡಿಕೊಳ್ಳುವಾಗ ತನ್ನ ಒಡೆಯನ ಸರಿಯಾದ ನಡವಳಿಕೆಯೂ ಆ ಮಳೆಗೆ ಕಾರಣವೆಂದು ನಂಬಿದ್ದ. ಪುರಾತತ್ತ್ವಕ್ಕೆ ಕಾಣುವುದು ಕಲ್ಲು, ಹಂದಿ ನಾಯಿಗಳ ಮೂಳೆ, ಕಂಬದ ಗುಣಿ, ಒಲೆಯ ಬೂದಿ. ಅದರಿಂದ ಯಾರ ಶ್ರಮ, ಎಷ್ಟು ಶ್ರಮ, ಯಾವ ಕಾಲದಲ್ಲಿ ಎಂದು ಹೇಳಬಹುದು. ಪ್ರಾರ್ಥನೆಯ ಭಾವವನ್ನು ಉಳಿದಿರುವ ಪಠಣಗಳಿಂದ ಕೇಳಿಕೊಳ್ಳಬೇಕು.

ಹಳೆಮೈಸೂರು:

ಇಷ್ಟೆಲ್ಲ ಕಟ್ಟಿದ ವ್ಯವಸ್ಥೆ ಮಿಷನರಿಗಳು ಬಂದ ಮೇಲೆ ನಾಶವಾಯಿತಲ್ಲವೇ? ಮೂಲ ಲೇಖಕರು ಕೆಡವಿದ್ದೂ ಹವಾಯಿಯನ್ನರೇ ಎಂದು ಬರೆದಿರುವುದು ನನಗೆ ಅತಿ ಎನಿಸಿತು. ವಸಾಹತುಶಾಹಿಯ ಪಾತ್ರವನ್ನು ಹಗುರಗೊಳಿಸಿದಂತೆ ಆಗುವುದಿಲ್ಲವೇ?

ನೆಲಮೂಲ:

ಕಾಲಾನುಕ್ರಮವನ್ನು ಮೊದಲು ಇಟ್ಟುಕೊಳ್ಳೋಣ, ಸರ್. ದ್ವೀಪಗಳನ್ನು ಒಂದೇ ಆಳ್ವಿಕೆಗೆ ತಂದ ರಾಜ ಮೊದಲನೆಯ ಕಮೇಹಮೇಹಾ ತೀರಿಕೊಂಡದ್ದು 1819ರ ಮೇ ತಿಂಗಳಲ್ಲಿ, ಹವಾಯಿ ದ್ವೀಪದ ಕೈಲುವಾದ ಅಹುಎನಾ ಹೇಯಾವಿನ ಪಕ್ಕದ ತನ್ನ ನಿವಾಸದಲ್ಲಿ. ಅದೇ ನವೆಂಬರಿನಲ್ಲಿ ಅವನ ಮಗ ಲಿಹೋಲಿಹೋ, ಕಮೇಹಮೇಹಾನ ರಾಣಿಯರಾದ ಕಅಹುಮನು ಮತ್ತು ಕೆಓಪುಓಲಾನಿಯವರ ಒತ್ತಾಸೆಯಿಂದ, ಗಂಡಸರೂ ಹೆಂಗಸರೂ ಕೂಡಿ ಉಣ್ಣಬಾರದೆಂಬ ಕಟ್ಟಳೆಯನ್ನು ಎಲ್ಲರೆದುರು ಮುರಿದು ಹೆಂಗಸರ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ. ಹೆಂಗಸರಿಗೆ ಹಂದಿಮಾಂಸ, ಬಾಳೆಹಣ್ಣು, ತೆಂಗು ನಿಷಿದ್ಧವಾಗಿದ್ದ ಕಪು ಎಂಬ ಆ ನಿಷೇಧಗಳ ವ್ಯವಸ್ಥೆಗೆ ಊಟದ ಪಂಕ್ತಿಯೇ ಅಡಿಗಲ್ಲಾಗಿತ್ತು. ಮಹಾಪುರೋಹಿತ ಹೇವಹೇವನೇ ದೇವಮೂರ್ತಿಗಳನ್ನೂ ದೇಗುಲಗಳನ್ನೂ ಸುಡುವುದಕ್ಕೆ ಮುಂದಾದ. ಹಳೆಯ ಧರ್ಮವನ್ನು ಉಳಿಸಲು ಲಿಹೋಲಿಹೋನ ದಾಯಾದಿ ಕೆಕುವಾಒಕಲಾನಿ ಶಸ್ತ್ರ ಹಿಡಿದು ಕುವಾಮೋಓ ಯುದ್ಧದಲ್ಲಿ ಮಡಿದ, ಅವನ ಪಕ್ಕದಲ್ಲೇ ಹೋರಾಡಿದ ಹೆಂಡತಿ ಮನೋನೋ ಕೂಡ ಮಡಿದಳು. ಮೊದಲ ಮಿಷನರಿಗಳ ಹಡಗು ಬಂದು ಸೇರಿದ್ದು ಇದೆಲ್ಲ ಮುಗಿದ ಮೇಲೆ, 1820ರ ವಸಂತದಲ್ಲಿ.

ವಸಾಹತುಶಾಹಿಯ ಹೊರೆಯನ್ನು ನಾನು ಇಳಿಸುತ್ತಿಲ್ಲ. 1778ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಬಂದಂದಿನಿಂದ ಹೊಸ ರೋಗಗಳು ಜನರನ್ನು ಕೊಂದವು, ಬಂದೂಕು ಯುದ್ಧದ ಸ್ವರೂಪವನ್ನೇ ಬದಲಿಸಿತು, ಕಪು ಪಾಲಿಸದ ಪರದೇಶಿಗಳಿಗೆ ಯಾವ ದೇವರೂ ಶಿಕ್ಷೆ ಕೊಡಲಿಲ್ಲವೆಂಬುದನ್ನು ಎಲ್ಲರೂ ಕಣ್ಣಾರೆ ಕಂಡರು. ಆ ಒತ್ತಡದ ನಡುವೆ ನಿರ್ಧಾರ ತೆಗೆದುಕೊಂಡವರು ಮಾತ್ರ ಹವಾಯಿಯ ರಾಣಿಯರು, ಒಡೆಯರು ಮತ್ತು ಪುರೋಹಿತರು. ಅದನ್ನು ಅವರಿಂದ ಕಿತ್ತು ಮಿಷನರಿಗಳ ಲೆಕ್ಕಕ್ಕೆ ಬರೆಯುವುದು ಹವಾಯಿಯನ್ನರ ಕರ್ತೃತ್ವವನ್ನೇ ಅಳಿಸಿದಂತೆ ಎಂದು ನನ್ನ ಭಾವನೆ.

ಈ ಪರಿವರ್ತನೆಯನ್ನು ಒಂದೇ ದಿಬ್ಬದ ಮೇಲೆ ನೋಡಬೇಕಾದರೆ ಹವಾಯಿ ದ್ವೀಪದ ಕವಾಯಿಹಾಯೆಗೆ ಹೋಗಬೇಕು. ಕಪೋಉಕಾಹಿ ಎಂಬ ಪುರೋಹಿತನ ಭವಿಷ್ಯವಾಣಿಯಂತೆ ಕಮೇಹಮೇಹಾ 1790-91ರಲ್ಲಿ ಅಲ್ಲಿ ಪುಉಕೊಹೊಲಾ ಎಂಬ ಯುದ್ಧದೇವತೆಯ ಮಹಾದೇಗುಲವನ್ನು ಕಟ್ಟಿಸಿದ. 224 ಅಡಿ ಉದ್ದ, 100 ಅಡಿ ಅಗಲ. ಸಾವಿರಾರು ಜನ ಸಾಲಾಗಿ ನಿಂತು ದೂರದ ಪೊಲೊಲು ಕಣಿವೆಯಿಂದ ಕೈಯಿಂದ ಕೈಗೆ ಕಲ್ಲು ದಾಟಿಸಿದರೆಂದು ಪರಂಪರೆ ಹೇಳುತ್ತದೆ. ಪ್ರತಿಷ್ಠೆಗೆಂದು ಕರೆಸಿಕೊಂಡ ಎದುರಾಳಿ ಕೇಓವಾ ದಡದಲ್ಲಿಯೇ ಕೊಲೆಯಾಗಿ ಬಲಿಯಾದ. ಅದರ ಕೆಳಗೆ ಇಳಿಜಾರಿನಲ್ಲಿ ಇನ್ನೂ ಹಳೆಯದಾದ ಮೈಲೆಕಿನಿ ಹೇಯಾವು ಇದೆ. ಅದೇ ಕಮೇಹಮೇಹಾನ ಕಾಲದಲ್ಲಿ ಆ ಹಳೆಯ ದೇಗುಲದ ಮೇಲೆ ಫಿರಂಗಿಗಳನ್ನು ಕೂರಿಸಿ ಕೋಟೆ ಮಾಡಿದರು, ಅದರ ಉಸ್ತುವಾರಿ ನೋಡಿದವನು ಇಂಗ್ಲಿಷ್ ನಾವಿಕ ಜಾನ್ ಯಂಗ್. ಮೇಲಿನ ದಿಬ್ಬದಲ್ಲಿ ಅವನ ಮನೆಯ ಅವಶೇಷವಿದೆ. ಹವಾಯಿಯಲ್ಲಿ ಹಿಂದೆಂದೂ ಇಲ್ಲದ ಗಾರೆಯ ಗೋಡೆ ಅದು, ಆದರೆ ಆ ಗಾರೆಯಲ್ಲಿ ಸುಟ್ಟ ಹವಳದ ಸುಣ್ಣ, ಮರಳು, ಕೂದಲು ಮತ್ತು ಕೆಸುವಿನ ಗೆಡ್ಡೆಯಿಂದ ಮಾಡುವ ಪೊಯಿ ಸೇರಿವೆ. ದೇಗುಲ, ಕೋಟೆ, ಪರದೇಶಿಯ ಮನೆ ಮೂರೂ ಕೂಗಿದರೆ ಕೇಳುವಷ್ಟು ದೂರದಲ್ಲಿವೆ, ಮಿಷನರಿಗಳು ಬರುವುದಕ್ಕೆ ಮೊದಲೇ ಮೂರೂ ಇದ್ದವು.

ಕಡಲಿನಾಚೆ:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 1819ರಲ್ಲಿ ಎಲ್ಲವೂ ಒಂದೇ ಏಟಿಗೆ ನಿಂತುಹೋಯಿತು ಎಂಬುದೂ ಪೂರ್ಣ ಸತ್ಯವಲ್ಲ. ಹವಾಯಿ ದ್ವೀಪದ ಹೊನೌನೌನ ಆಶ್ರಯಸ್ಥಾನದಲ್ಲಿ ಒಡೆಯರ ಅಸ್ಥಿಗಳನ್ನು ಇಟ್ಟಿದ್ದ ಹಾಲೆ ಓ ಕೆಅವೆ ಎಂಬ ಗುಡಿಮನೆಯನ್ನು 1819ರಲ್ಲಿ ಯಾರೂ ಮುಟ್ಟಲಿಲ್ಲ. ವಿಲಿಯಂ ಎಲ್ಲಿಸ್ ಎಂಬ ಮಿಷನರಿ 1823ರಲ್ಲಿ ಅದನ್ನು ನಿಂತಿರುವಂತೆಯೇ ಕಂಡು ವಿವರವಾಗಿ ಬರೆದ, 1825ರಲ್ಲಿ ಬಂದ ಚಿತ್ರಕಾರ ರಾಬರ್ಟ್ ಡ್ಯಾಂಪಿಯರ್ ಅದರ ಚಿತ್ರ ಬರೆದ. 1829ರಲ್ಲಿ, ಅಷ್ಟರೊಳಗೆ ಕ್ರೈಸ್ತಳಾಗಿದ್ದ ಕಅಹುಮನು ಅಸ್ಥಿಗಳನ್ನು ತೆಗೆಸಿದ ಮೇಲೆ ಅದು ಹೋಯಿತು. ಇನ್ನು ಕಲ್ಲುಗಳ ಮರುಬಳಕೆಯ ಮಾತು. ಕೈಲುವಾದಲ್ಲಿ 1830ರ ದಶಕದಲ್ಲಿ ಎದ್ದ ಮೊಕುಐಕಾವುವಾ ಚರ್ಚಿನ ಮೂಲೆಗಲ್ಲುಗಳು ಹಳೆಯ ಹೇಯಾವೊಂದರವು. ಕೆಡವಿದವರೂ ಕಟ್ಟಿದವರೂ ಅದೇ ಊರಿನ ಜನರಾದ್ದರಿಂದ ಆ ಕಲ್ಲುಗಳು ಎಲ್ಲಿಯವು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಯಲುಸೀಮೆ:

ಕಾಲನಿರ್ಣಯದ ಬಗ್ಗೆ ನನ್ನ ಸಂದೇಹ ಬಹುಮಟ್ಟಿಗೆ ತೀರಿದೆ. ಆದರೆ ಅಗೆಯುವ ಹಕ್ಕಿನ ಪ್ರಶ್ನೆ ಉಳಿದಿದೆ. ಹವಾಯಿಯನ್ನರಿಗೆ ಇವು ಇಂದಿಗೂ ಪವಿತ್ರ ಸ್ಥಳಗಳಲ್ಲವೇ? ವಿಜ್ಞಾನದ ಹೆಸರಿನಲ್ಲಿ ಗೋಡೆ ಬಿಚ್ಚುವುದಕ್ಕೆ ಅವರು ಒಪ್ಪಿದ್ದಾರೆಯೇ?

ಕಡಲಿನಾಚೆ:

ಎಲ್ಲ ಕಾಲದಲ್ಲಿಯೂ ಅವರನ್ನು ಕೇಳಿಲ್ಲ, ಅದರ ನೋವು ದೊಡ್ಡದು. ಮಾವಿಯ ಹೊನೊಕಹುವಾದಲ್ಲಿ 1980ರ ದಶಕದ ಕೊನೆಯಲ್ಲಿ ಹೋಟೆಲ್ ಕಟ್ಟಲೆಂದು ಮರಳದಿಬ್ಬವನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಪೂರ್ವಿಕರ ಸಮಾಧಿಗಳು ಹೊರಬಂದವು. ಹವಾಯಿಯನ್ನರು ಬೀದಿಗಿಳಿದರು, ಅಗೆತ ನಿಂತಿತು, ಅಸ್ಥಿಗಳನ್ನು ಅದೇ ನೆಲಕ್ಕೆ ಮರಳಿಸಿದರು, ಹೋಟೆಲನ್ನು ಒಳನಾಡಿನ ಕಡೆಗೆ ಸರಿಸಿ ಕಟ್ಟಬೇಕಾಯಿತು. ಸಮಾಧಿಗಳ ರಕ್ಷಣೆಗೆ ರಾಜ್ಯ ಬಿಗಿಯಾದ ಕಾನೂನು ತಂದದ್ದು ಅದರ ಫಲವಾಗಿಯೇ. ಮೇಲೆ ಹೇಳಿದ ಹವಳದ ವಿಧಾನಕ್ಕೆ ಬೆಲೆ ಬಂದದ್ದರಲ್ಲಿ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ, ಏಕೆಂದರೆ ಗೋಡೆಯ ಸಂದಿಯಲ್ಲಿ ಕಾಣುವ ಹವಳದ ಚಿಕ್ಕ ತುಣುಕೊಂದು ಸಾಕು, ದೇಗುಲವನ್ನು ಅಗೆದು ಹಾಕಬೇಕಾಗಿಲ್ಲ.

ಕಹೋಓಲವೆ ದ್ವೀಪದ ಕಥೆಯನ್ನೂ ಇಲ್ಲಿ ಹೇಳಲೇಬೇಕು. 1941ರಿಂದ ಅಮೆರಿಕದ ನೌಕಾಪಡೆ ಇಡೀ ದ್ವೀಪವನ್ನು ಬಾಂಬ್ ಅಭ್ಯಾಸಕ್ಕೆ ಬಳಸಿಕೊಂಡಿತು. 1976ರಲ್ಲಿ ಹವಾಯಿಯನ್ನರು ಅಲ್ಲಿಗೆ ದೋಣಿಯಲ್ಲಿ ಹೋಗಿ ಇಳಿದು ಹೋರಾಟ ಆರಂಭಿಸಿದರು. ಅಲ್ಲಿ ನಡೆದ ಪುರಾತತ್ತ್ವ ಸಮೀಕ್ಷೆಯಲ್ಲಿ ನೂರಾರು ನೆಲೆಗಳು, ಅವುಗಳಲ್ಲಿ ಗುಡಿಗಳೂ ಸಹ, ಬೆಳಕಿಗೆ ಬಂದು 1981ರಲ್ಲಿ ದ್ವೀಪವೇ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿತು. 1982ರಲ್ಲಿ ಹೋರಾಟಗಾರರು ಅಲ್ಲಿಯೇ ಮಕಹಿಕಿಯನ್ನು ಮತ್ತೆ ಆರಂಭಿಸಿದರು. ಬಾಂಬ್ ಹಾಕುವುದು 1990ರಲ್ಲಿ ನಿಂತಿತು. ಹದಿನಾರನೆಯ ಶತಮಾನದ ಮಕಹಿಕಿಯಲ್ಲಿ ಒಡೆಯನಿಗೆ ಸಲ್ಲುತ್ತಿದ್ದ ಕಾಣಿಕೆ ಈಗ ನೆಲಕ್ಕೆ ಹಸಿರು ಮರಳಲಿ ಎಂಬ ಬೇಡಿಕೆಯೊಂದಿಗೆ ಲೋನೋವಿಗೆ ಸಲ್ಲುತ್ತಿದೆ. ಮುಂದಿನ ಪುರಾತತ್ತ್ವಜ್ಞರಿಗೆ ಇದೂ ಒಂದು ಪದರವಾಗಿ ಕಾಣುತ್ತದೆ, ಕಾಣಬೇಕು.

ಅದೇ ಹೊತ್ತಿಗೆ ಪ್ರವಾಸಿಗರು ಯಾರೋ ಹೇಳಿದ್ದನ್ನು ಕೇಳಿ ಅಲ್ಲಿನ ಕಲ್ಲನ್ನೇ ಟೀ ಎಂಬ ಅಲ್ಲಿನ ಗಿಡದ (ಚಹಾ ಗಿಡವಲ್ಲ) ಎಲೆಯಲ್ಲಿ ಸುತ್ತಿ ಹೇಯಾವುಗಳ ಮೇಲೆ ಇಟ್ಟು ಹೋಗುವ ಅಭ್ಯಾಸ ಬೆಳೆದಿದೆ. ಗೋಡೆಯಿಂದ ಕಿತ್ತ ಕಲ್ಲೂ ಅದರಲ್ಲಿ ಸೇರಿಹೋಗುತ್ತದೆ. ಉದ್ಯಾನಗಳ ಸಿಬ್ಬಂದಿ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳುತ್ತಾರೆ. ಯಾರಾದರೂ ಅಲ್ಲಿಗೆ ಹೋಗುವುದಾದರೆ ದಯವಿಟ್ಟು ಗೋಡೆಯ ಮೇಲೆ ಹತ್ತಬೇಡಿ, ಏನನ್ನೂ ಎತ್ತಬೇಡಿ, ಏನನ್ನೂ ಇಡಬೇಡಿ.

ಶ್ರಾವಣಿ:

ಕೊನೆಯದಾಗಿ ಒಂದು ಪ್ರಶ್ನೆ. ಬಿದ್ದ ಹೇಯಾವುಗಳನ್ನು ಮತ್ತೆ ಕಟ್ಟುತ್ತಿದ್ದಾರೆಂದು ಓದಿದ್ದೇನೆ. ಜೀರ್ಣೋದ್ಧಾರ ಮಾಡಿದಾಗ ಒಳಗಿನ ಹಂತಗಳ ಸಾಕ್ಷ್ಯ ಅಳಿಸಿಹೋಗುವುದಿಲ್ಲವೇ? ಯಾವ ಕಾಲದ ರೂಪಕ್ಕೆ ಮರಳಿಸುವುದು?

ನೆಲಮೂಲ:

ಇದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಹೊನೌನೌನ ಆಲೆಆಲೆಅ ಹೇಯಾವನ್ನು 1963ರಲ್ಲಿ ಅಗೆದವರು ಎಡ್ಮಂಡ್ ಲ್ಯಾಡ್, ಅವರೇ ಸ್ವತಃ ಅಮೆರಿಕದ ಮೂಲನಿವಾಸಿ ಝೂನಿ ಸಮುದಾಯದವರು. ಹೊರಗಿನಿಂದ ಒಂದೇ ಜಗಲಿಯಂತೆ ಕಾಣುವ ಆ ರಚನೆಯ ಒಳಗೆ ಚಿಕ್ಕ ಜಗಲಿಯೊಂದು, ಅದನ್ನು ಸುತ್ತುವರಿದು ಮತ್ತೊಂದು, ಹೀಗೆ ಹಲವು ಹಂತಗಳಲ್ಲಿ ಬೆಳೆದ ಕಟ್ಟಡವಿರುವುದನ್ನು ಅವರು ಕಂಡರು. ಪ್ರತಿ ಹಂತದ ಹೊರಗೋಡೆಯೂ ಮುಂದಿನ ಹಂತದ ತುಂಬುಗಲ್ಲಿನೊಳಗೆ ಹಾಗೆಯೇ ಮುಚ್ಚಿಹೋಗಿತ್ತು, ಹಳೆಯದನ್ನು ಕೆಡವದೆ ಅದರ ಸುತ್ತ ಹೊಸದನ್ನು ಕಟ್ಟಿದ್ದರು. ಲ್ಯಾಡ್ ಅವರೇ ಒವಾಹುವಿನ ಮಾಕಹಾ ಕಣಿವೆಯ ಕಾನೆಆಕಿ ಹೇಯಾವಿನಲ್ಲಿಯೂ ಕೆಲಸ ಮಾಡಿದರು. ಕೃಷಿಯ ದೇಗುಲವಾಗಿ ಆರಂಭವಾದ ಅದು ಹಂತಹಂತವಾಗಿ ಬೆಳೆದು ಕೊನೆಗೆ ಯುದ್ಧದೇವತೆಯ ಲುವಾಕಿನಿಯಾಯಿತೆಂದು ತಿಳಿಯಲಾಗಿದೆ. ಅಲ್ಲಿ ಮರುನಿರ್ಮಾಣಕ್ಕೆ ಆರಿಸಿಕೊಂಡದ್ದು ಕೊನೆಯ ಹಂತದ ರೂಪವನ್ನು. ನನಗೆ ಅದರಲ್ಲಿ ಪೂರ್ಣ ಸಮಾಧಾನವಿಲ್ಲ, ಏಕೆಂದರೆ ನೋಡಲು ಬಂದವರಿಗೆ ಲೋನೋ ದೇವರ ಹಳೆಯ ಜಗಲಿ ಕಾಣುವುದೇ ಇಲ್ಲ.

ಪುಉಕೊಹೊಲಾದಲ್ಲಿ ದಾರಿ ಬೇರೆಯಾಯಿತು. 2006ರ ಅಕ್ಟೋಬರ್ 15ರ ಭೂಕಂಪದಲ್ಲಿ ಅದರ ಗೋಡೆಗಳು ಬಿರುಕು ಬಿಟ್ಟು ಅಲ್ಲಲ್ಲಿ ಕುಸಿದವು. ಗಾರೆಯಿಲ್ಲದೆ ಕಲ್ಲು ಕೂರಿಸುವ ಹವಾಯಿಯ ಹಳೆಯ ವಿದ್ಯೆಯನ್ನು ಬಲ್ಲ ಕೆಲಸಗಾರರು ಬಿದ್ದ ಕಲ್ಲುಗಳನ್ನು ಅದೇ ವಿಧಾನದಲ್ಲಿ ಮತ್ತೆ ಕೂರಿಸಿದರು. ಬಿದ್ದ ಭಾಗವನ್ನಷ್ಟೇ ಎತ್ತಿ ಕಟ್ಟಿ, ನಿಂತಿದ್ದ ಭಾಗವನ್ನು ಮುಟ್ಟದೆ ಬಿಡುವ ಈ ಕ್ರಮವೇ ಸರಿಯೆಂದು ನಾನು ಭಾವಿಸುತ್ತೇನೆ. ಪುನಾ ಸೀಮೆಯ ವಹಾಉಲಾ ಹೇಯಾವಿಗೆ ಆ ಅವಕಾಶವೂ ಸಿಗಲಿಲ್ಲ. ಕಹಿಕಿ ಎಂಬ ಕಡಲಾಚೆಯ ನಾಡಿನಿಂದ ಬಂದ ಪುರೋಹಿತ ಪಾಆಒ ಕಟ್ಟಿಸಿದ್ದೆಂದು ಪರಂಪರೆ ಹೇಳುವ, ನರಬಲಿಯ ವಿಧಿಯನ್ನು ಹವಾಯಿಗೆ ತಂದದ್ದೆಂದು ನಂಬಲಾದ ಆ ದೇಗುಲವನ್ನು ಕಿಲವೇಯಾದ ಲಾವಾ 1989ರಲ್ಲಿ ಸುತ್ತುವರಿದು, 1997ರಲ್ಲಿ ಪೂರ್ತಿಯಾಗಿ ಮುಚ್ಚಿತು. ಸ್ಟೋಕ್ಸ್ ಅವರು ಶತಮಾನದ ಆರಂಭದಲ್ಲಿ ಆ ದ್ವೀಪದ ಹೇಯಾವುಗಳನ್ನು ಅಳೆದು ಇಟ್ಟ ದಾಖಲೆಗಳನ್ನು ಬಿಷಪ್ ಮ್ಯೂಸಿಯಂ 1991ರಲ್ಲಿ ಪುಸ್ತಕವಾಗಿ ಹೊರತಂದಿದೆ. ಶ್ರಾವಣಿಯವರೇ, ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಅದನ್ನು ತರಿಸಿಕೊಳ್ಳಲು ಸಾಧ್ಯವಾದರೆ ಅಲ್ಲಿಂದಲೇ ಓದು ಆರಂಭಿಸಿ.